ಸಂಶೋಧನಾ ರಜೆ: ಉದ್ದೇಶ ಮತ್ತು ಹೊಣೆಗಾರಿಕೆ

ವಿಶ್ವವಿದ್ಯಾನಿಲಯದ ಅಧ್ಯಾಪಕರ ಕರ್ತವ್ಯವು ಪಾಠಪ್ರವಚನದೊಂದಿಗೆ ಮುಗಿಯುವುದಿಲ್ಲ. ಹೊಸ ಜ್ಞಾನದ ಅನ್ವೇಷಣೆಯೂ ಅದರಲ್ಲಿ ಸೇರಿದೆ. ಆದರೆ ತರಗತಿ, ಪರೀಕ್ಷೆ ಹಾಗೂ ಆಡಳಿತದ ಕೆಲಸಗಳ ನಡುವೆ ದೀರ್ಘ ಸಂಶೋಧನೆಗೆ ಬಿಡುವು ದೊರೆಯುವುದು ಕಷ್ಟ. ಈ ಕೊರತೆಯನ್ನು ನೀಗಿಸುವ ಏರ್ಪಾಡುಗಳೇ ಸಂಶೋಧನಾ ರಜೆ ಮತ್ತು ಫೆಲೋಶಿಪ್.

ವಿಜಯವಾಡದ ಇತಿಹಾಸ ಅಧ್ಯಾಪಕರೊಬ್ಬರು 1855ರಲ್ಲಿ ಪೂರ್ಣಗೊಂಡ ಕೃಷ್ಣಾ ಅಣೆಕಟ್ಟನ್ನು ಕುರಿತು ಸಂಶೋಧನೆ ಕೈಗೊಂಡರೆನ್ನೋಣ. ಅಣೆಕಟ್ಟಿನ ಸ್ಥಳ ಅವರ ಊರಿನಲ್ಲೇ ಇದೆ. ಹಿಂದಿನ ಮದ್ರಾಸ್ ಪ್ರಾಂತ್ಯದ ಕಡತಗಳಾದರೋ ಚೆನ್ನೈನ ಪತ್ರಾಗಾರದಲ್ಲಿವೆ. ಬೇಸಿಗೆಯ ರಜೆಯ ಕೆಲವೇ ವಾರಗಳಲ್ಲಿ ಅವುಗಳನ್ನು ಓದಿ ಮುಗಿಸಲಾಗದು.

ಇಂತಹ ಬಿಡುವಿನ ಫಲಕ್ಕೆ ವಿಶಾಖಪಟ್ಟಣವೇ ನಿದರ್ಶನ. 1926ರಲ್ಲಿ ವಿಜಯವಾಡದಲ್ಲಿ ಸ್ಥಾಪನೆಗೊಂಡ ಆಂಧ್ರ ವಿಶ್ವವಿದ್ಯಾನಿಲಯವು 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಸ್ಥಳಾಂತರಗೊಂಡಿತು. ಅಮೆರಿಕದ ಸಮುದ್ರವಿಜ್ಞಾನಿ ಯೂಜೀನ್ ಲಾಫಾಂಡ್ 1952ರಲ್ಲಿ ಫುಲ್‌ಬ್ರೈಟ್ ಪ್ರಾಧ್ಯಾಪಕರಾಗಿ ಅಲ್ಲಿಗೆ ಬಂದರು. ಅವರೂ ಸ್ಥಳೀಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಬಂಗಾಳ ಕೊಲ್ಲಿಯನ್ನು ಅಧ್ಯಯನ ಮಾಡಿದರು. ಮುಂದೆ ಆ ಕರಾವಳಿಯಾಚೆಯ ಸಾಗರತಳದ ಕಣಿವೆಗಳಿಗೆ ‘ಆಂಧ್ರ’, ‘ಮಹದೇವನ್’ ಎಂಬ ಹೆಸರುಗಳು ಬಂದವು. ಮಹದೇವನ್ ಅದೇ ವಿಶ್ವವಿದ್ಯಾನಿಲಯದ ಭೂವಿಜ್ಞಾನ ಪ್ರಾಧ್ಯಾಪಕರಾಗಿದ್ದವರು.

ವಿಜ್ಞಾನವಲ್ಲದೆ ಇತರ ವಿಷಯಗಳಿಗೂ ನೆರವು ಲಭ್ಯ. 1969ರಲ್ಲಿ ಸ್ಥಾಪಿತವಾದ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತು ಮತ್ತು 1972ರ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಫೆಲೋಶಿಪ್‌ಗಳನ್ನು ನೀಡುತ್ತವೆ. 1965ರಲ್ಲಿ ಉದ್ಘಾಟನೆಗೊಂಡ ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯು ವಿದ್ವಾಂಸರಿಗೆ ತಂಗಿ ಬರೆಯುವ ಅವಕಾಶ ಕಲ್ಪಿಸುತ್ತದೆ. ಆಂಧ್ರ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಸ್. ರಾಧಾಕೃಷ್ಣನ್ ಅವರು ರಾಷ್ಟ್ರಪತಿಗಳಾಗಿ ಅದನ್ನು ಉದ್ಘಾಟಿಸಿದರೆಂಬುದು ಗಮನಾರ್ಹ.

ನಿಯಮಗಳು

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ಎರಡು ಬಗೆಯ ರಜೆಗಳನ್ನು ವಿವರಿಸಿದೆ.

ಅಧ್ಯಯನ ರಜೆ: ವೃತ್ತಿಯ ಆರಂಭದ ಹಂತದಲ್ಲಿರುವವರಿಗೆ ಇದು ಅನ್ವಯಿಸುತ್ತದೆ. ವೇತನಸಹಿತ ಅವಧಿ ಮೂರು ವರ್ಷಗಳನ್ನು ಮೀರುವಂತಿಲ್ಲ. ಹಿಂದಿರುಗಿದ ಅಧ್ಯಾಪಕರು ಕನಿಷ್ಠ ಮೂರು ವರ್ಷ ಸಂಸ್ಥೆಯಲ್ಲಿ ಸೇವೆ ಸಲ್ಲಿಸಬೇಕು.

ಸಬ್ಯಾಟಿಕಲ್ ರಜೆ: ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕರಾಗಿ ಏಳು ವರ್ಷ ಸೇವೆ ಪೂರೈಸಿದ ಖಾಯಂ ಅಧ್ಯಾಪಕರು ಇದನ್ನು ಪಡೆಯಬಹುದು. ಒಮ್ಮೆಗೆ ಒಂದು ವರ್ಷ, ಸೇವಾವಧಿಯಲ್ಲಿ ಒಟ್ಟು ಎರಡು ವರ್ಷ ಇದರ ಮಿತಿ. ಈ ಅವಧಿಯಲ್ಲಿ ಪೂರ್ಣ ವೇತನ ದೊರೆಯುತ್ತದೆ. ಫೆಲೋಶಿಪ್ ಸ್ವೀಕರಿಸಲು ಅನುಮತಿ ದೊರೆಯಬಹುದು. ಬೇರೆಡೆ ಖಾಯಂ ಹುದ್ದೆಗೆ ಸೇರುವಂತಿಲ್ಲ.

ರಜೆಯ ಇನ್ನೊಂದು ಮುಖವನ್ನೂ ಮರೆಯಲಾಗದು. ಅಧ್ಯಾಪಕರ ಸ್ಥಾನ ಖಾಲಿ ಉಳಿದರೆ ಅದರ ನಷ್ಟ ವಿದ್ಯಾರ್ಥಿಗಳಿಗೆ. ಕೆಲವೇ ಅಧ್ಯಾಪಕರಿರುವ ವಿಭಾಗದಲ್ಲಿ ಒಬ್ಬರ ಗೈರುಹಾಜರಿ ಉಳಿದವರೆಲ್ಲರಿಗೂ ಹೊರೆಯಾಗುತ್ತದೆ. ಆದ್ದರಿಂದ ರಜೆ ಮಂಜೂರು ಮಾಡುವ ಮುನ್ನವೇ ಬದಲಿ ಬೋಧನೆಯ ವ್ಯವಸ್ಥೆ ಆಗಬೇಕು. ಗಳಿಸಿದ ತಿಳಿವು ಗ್ರಂಥ, ಉಪನ್ಯಾಸ ಮತ್ತು ನವೀಕೃತ ಪಠ್ಯಕ್ರಮದ ರೂಪದಲ್ಲಿ ತರಗತಿಗೆ ಮರಳಿದಾಗಲೇ ಸಾರ್ವಜನಿಕ ಹಣದ ಈ ವಿನಿಯೋಗ ಸಾರ್ಥಕ.