ಕೇಳದ ಶಬ್ದ ಬರೆದ ಚಿತ್ರ

ಸಂತೆಯಲ್ಲಿ ಮಣ್ಣಿನ ಮಡಕೆಯನ್ನು ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುವುದು ವಾಡಿಕೆ. ಮಡಕೆ ಗಟ್ಟಿಯಾಗಿದ್ದರೆ ತುಂಬುನಾದ ಹೊರಡುತ್ತದೆ; ಬಿರುಕು ಬಿಟ್ಟಿದ್ದರೆ ಒಡಕು ದನಿ ಕೇಳಿಸುತ್ತದೆ. ಕಣ್ಣಿಗೆ ಕಾಣದ ದೋಷವನ್ನು ಕಿವಿ ಪತ್ತೆಮಾಡುವ ಬಗೆ ಇದು. ಆಸ್ಟ್ರಿಯ ದೇಶದ ವೈದ್ಯರಾದ ಲಿಯೊಪೋಲ್ಡ್ ಔಎನ್‌ಬ್ರುಗರ್ ಇದೇ ಉಪಾಯವನ್ನು ರೋಗಿಗಳ ಎದೆಯ ಮೇಲೆ ಪ್ರಯೋಗಿಸಿ, ತಾವು ಕಂಡುಕೊಂಡುದನ್ನು 1761ರಲ್ಲಿ ಪ್ರಕಟಿಸಿದರು. ಎದೆಯೊಳಗೆ ನೀರು ತುಂಬಿಕೊಂಡಿದ್ದರೆ ತಟ್ಟಿದಾಗ ಮಂದವಾದ ಸದ್ದು ಬರುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಆದರೆ ಒಳಗಿರುವ ವಸ್ತುವಿನ ಆಕಾರವೇನು, ಅದು ಎಷ್ಟು ಆಳದಲ್ಲಿದೆ ಎಂಬುದನ್ನು ಬೆರಳ ತಟ್ಟಿನಿಂದ ನಿಖರವಾಗಿ ಅರಿಯಲಾಗದು. ಅದನ್ನು ಅರಿಯಲು ಶಬ್ದದ ಇನ್ನೊಂದು ಗುಣದ ನೆರವು ಬೇಕಾಯಿತು. ಅದೇ ಪ್ರತಿಧ್ವನಿ.

ಬೆಟ್ಟದ ಎದುರು ನಿಂತು ಕೂಗಿದವನಿಗೆ ತನ್ನ ಕೂಗು ಮರಳಿ ಕೇಳಿಸುತ್ತದೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಿಂದ ಚಲಿಸುತ್ತದೆ. ಕೂಗಿದ 2 ಸೆಕೆಂಡುಗಳ ಬಳಿಕ ಮರುದನಿ ಕೇಳಿಸಿತೆಂದರೆ, ಶಬ್ದವು ಹೋಗಿ ಬರಲು 680 ಮೀಟರ್ ಕ್ರಮಿಸಿದೆ. ಅರ್ಥಾತ್ ಬೆಟ್ಟ 340 ಮೀಟರ್ ದೂರದಲ್ಲಿದೆ. ಕಾಲವನ್ನು ಅಳೆದರೆ ದೂರ ತಿಳಿಯುತ್ತದೆ. ಇಂದಿನ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಅಲ್ಟ್ರಾಸೌಂಡ್ ಯಂತ್ರದ ಮೂಲತತ್ತ್ವ ಇಷ್ಟೇ.

ಹಾಗಾದರೆ ಸಾಮಾನ್ಯ ಶಬ್ದವನ್ನೇ ದೇಹದೊಳಕ್ಕೆ ಕಳುಹಿಸಬಾರದೇಕೆ? ದೇಹದ ಮೃದು ಅಂಗಾಂಶಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಸೆಕೆಂಡಿಗೆ 1000 ಬಾರಿ ಕಂಪಿಸುವ ಶಬ್ದದ ಒಂದೊಂದು ತರಂಗವೂ ಅಲ್ಲಿ ಒಂದೂವರೆ ಮೀಟರ್ ಉದ್ದವಿರುತ್ತದೆ. ಕೆರೆಯ ಅಲೆಗಳು ಏರಿಗೆ ಬಡಿದು ಹಿಂದಿರುಗುತ್ತವೆ; ನೀರಿನಲ್ಲಿ ನಿಂತ ಜೊಂಡಿನ ಕಡ್ಡಿಯನ್ನಾದರೋ ಬಳಸಿಕೊಂಡು ಮುಂದೆ ಸಾಗುತ್ತವೆ. ಅಂತೆಯೇ ಉದ್ದನೆಯ ಶಬ್ದತರಂಗಗಳಿಗೆ ದೇಹದೊಳಗಿನ ಸಣ್ಣ ವಸ್ತುಗಳು ಲೆಕ್ಕಕ್ಕೇ ಬರುವುದಿಲ್ಲ. ಮಿಲಿಮೀಟರ್ ಗಾತ್ರದ ವಿವರಗಳು ತಿಳಿಯಬೇಕಾದರೆ ತರಂಗದ ಉದ್ದವೂ ಅಷ್ಟೇ ಕಿರಿದಾಗಿರಬೇಕು. ಆವೃತ್ತಿ ಹೆಚ್ಚಿದಂತೆ ತರಂಗದ ಉದ್ದ ಕಡಿಮೆಯಾಗುತ್ತದೆ. ಸೆಕೆಂಡಿಗೆ 35 ಲಕ್ಷ ಕಂಪನಗಳಿರುವ ತರಂಗವು ದೇಹದಲ್ಲಿ 0.44 ಮಿಲಿಮೀಟರ್ ಮಾತ್ರ ಉದ್ದವಿರುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನಷ್ಟೇ ಕೇಳಬಲ್ಲದು. ಆ ಮಿತಿಯನ್ನು ಮೀರಿದ ಶಬ್ದಕ್ಕೆ ಶ್ರವಣಾತೀತ ಶಬ್ದವೆಂದು ಹೆಸರು.

ಇಂಥ ಶಬ್ದವನ್ನು ಹುಟ್ಟಿಸುವ ಸಾಧನಕ್ಕೆ ದಾರಿ ತೋರಿದವರು ಫ್ರಾನ್ಸಿನ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯರ್. ಕ್ವಾರ್ಟ್ಸ್ ಮೊದಲಾದ ಕೆಲವು ಸ್ಫಟಿಕಗಳನ್ನು ಅದುಮಿದಾಗ ವಿದ್ಯುತ್ತು ಉಂಟಾಗುವುದನ್ನು ಅವರು 1880ರಲ್ಲಿ ಕಂಡರು. ಸ್ಫಟಿಕಕ್ಕೆ ವಿದ್ಯುತ್ತನ್ನು ಹಾಯಿಸಿದರೆ ಅದು ಹಿಗ್ಗಿ ಕುಗ್ಗುತ್ತದೆಂಬುದೂ ಮರುವರ್ಷವೇ ಸಿದ್ಧವಾಯಿತು. ವಿದ್ಯುತ್ತನ್ನು ಶಬ್ದವಾಗಿಯೂ ಶಬ್ದವನ್ನು ವಿದ್ಯುತ್ತಾಗಿಯೂ ಮಾರ್ಪಡಿಸುವ ಈ ವಸ್ತು ಏಕಕಾಲಕ್ಕೆ ಬಾಯಿಯೂ ಹೌದು, ಕಿವಿಯೂ ಹೌದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪಿಯರ್ ಕ್ಯೂರಿಯವರ ಶಿಷ್ಯ ಪಾಲ್ ಲಾಂಜೆವಿನ್ ಕಡಲೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ಇದನ್ನು ಬಳಸಿದರು. ಮುಂದೆ ಕಾರ್ಖಾನೆಗಳಲ್ಲಿ ಲೋಹದ ಒಳಬಿರುಕುಗಳನ್ನು ಕಂಡುಹಿಡಿಯಲು ಇದು ನೆರವಾಯಿತು.

ಕಾರ್ಖಾನೆಯ ಆ ಯಂತ್ರದ ಮೇಲೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್ ಅವರ ದೃಷ್ಟಿ ಬಿದ್ದಿತು. 1955ರಲ್ಲಿ ಅವರು ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗಡ್ಡೆಗಳನ್ನು ಕಾರಿನಲ್ಲಿರಿಸಿಕೊಂಡು ಬಾಯ್ಲರ್ ತಯಾರಿಸುವ ಕಾರ್ಖಾನೆಯೊಂದಕ್ಕೆ ಹೋದರು. ದ್ರವ ತುಂಬಿದ ಚೀಲಕ್ಕೂ ಗಟ್ಟಿಯಾದ ಗಡ್ಡೆಗೂ ಮರುದನಿಯಲ್ಲಿ ವ್ಯತ್ಯಾಸವಿರುವುದನ್ನು ಅಲ್ಲಿಯ ಯಂತ್ರ ತೋರಿಸಿತು. ಕೆಲಕಾಲದ ಮೇಲೆ ಅವರ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯನ್ನು ಪರೀಕ್ಷಿಸಬೇಕಾಯಿತು. ಆಕೆಯ ಜಠರದಲ್ಲಿ ಶಸ್ತ್ರಚಿಕಿತ್ಸೆಗೂ ನಿಲುಕದ ಕ್ಯಾನ್ಸರ್ ಇದೆಯೆಂದು ವೈದ್ಯರು ಆಗಲೇ ನಿರ್ಣಯಿಸಿದ್ದರು. ಶ್ರವಣಾತೀತ ಶಬ್ದವು ಬೇರೆಯೇ ಕಥೆಯನ್ನು ಹೇಳಿತು. ಅದು ಅಂಡಾಶಯದಲ್ಲಿ ಬೆಳೆದಿದ್ದ, ದ್ರವ ತುಂಬಿದ ದೊಡ್ಡ ಚೀಲವಾಗಿತ್ತು. ಅದನ್ನು ತೆಗೆದುಹಾಕಲಾಯಿತು, ಆಕೆ ಬದುಕಿದಳು. ಡೊನಾಲ್ಡ್, ಜಾನ್ ಮ್ಯಾಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಅವರ ಸಂಶೋಧನೆ 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಚೀಲವನ್ನೂ ಗಡ್ಡೆಯನ್ನೂ ಶಬ್ದವು ಬೇರ್ಪಡಿಸಿದ್ದು ಹೇಗೆ? ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವ ಗಡಿಯಲ್ಲಿ ಶಬ್ದದ ಒಂದಂಶ ಹಿಂದಿರುಗುತ್ತದೆ. ಉಳಿದುದು ಮುಂದೆ ಹೋಗುತ್ತದೆ. ಎರಡು ಮಾಧ್ಯಮಗಳ ಸಾಂದ್ರತೆಯಲ್ಲೂ ಅವುಗಳೊಳಗಿನ ಶಬ್ದದ ವೇಗದಲ್ಲೂ ಅಂತರ ಹೆಚ್ಚಿದ್ದಷ್ಟೂ ಮರುದನಿ ಸಾಮಾನ್ಯವಾಗಿ ಪ್ರಬಲವಾಗಿರುತ್ತದೆ. ಚೀಲದೊಳಗಿನ ದ್ರವ ಎಲ್ಲೆಡೆಯೂ ಒಂದೇ ತೆರನಾದುದು. ಅಲ್ಲಿ ಗಡಿಗಳಿಲ್ಲದ ಕಾರಣ ಮರುದನಿಯೂ ಇಲ್ಲ. ಆದ್ದರಿಂದ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಗಟ್ಟಿಯಾದ ಗಡ್ಡೆಯೊಳಗೆ ಅಸಂಖ್ಯ ಸಣ್ಣ ಗಡಿಗಳಿರುವುದರಿಂದ ಅದು ಚುಕ್ಕೆಚುಕ್ಕೆಯಾಗಿ ತೋರುತ್ತದೆ.

ವೈದ್ಯರು ರೋಗಿಯ ಮೈಮೇಲೆ ಆಡಿಸುವ ಹಿಡಿಯಲ್ಲಿ ಇಂಥ ಸಣ್ಣ ಸಣ್ಣ ತುಣುಕುಗಳು ಸಾಲಾಗಿರುತ್ತವೆ. ಅವು ಕ್ಷಣಮಾತ್ರ ಶಬ್ದವನ್ನು ಹೊಮ್ಮಿಸಿ, ಬಳಿಕ ಸುಮ್ಮನಾಗಿ ಮರುದನಿಗೆ ಕಾಯುತ್ತವೆ. 1 ಸೆಂಟಿಮೀಟರ್ ಆಳದಿಂದ ಮರುದನಿ ಬರಲು ಸೆಕೆಂಡಿನ ಹತ್ತು ಲಕ್ಷದ 13 ಭಾಗದಷ್ಟು ಕಾಲ ಸಾಕು. 10 ಸೆಂಟಿಮೀಟರ್ ಆಳಕ್ಕೆ ಅದರ ಹತ್ತರಷ್ಟು. ಬಂದ ಕಾಲದಿಂದ ಚುಕ್ಕೆಯ ಸ್ಥಾನವನ್ನೂ, ಬಂದ ಬಲದಿಂದ ಅದರ ಹೊಳಪನ್ನೂ ಗಣಕವು ನಿರ್ಧರಿಸುತ್ತದೆ. ಚುಕ್ಕೆಗಳು ಗೆರೆಗಳಾಗಿ, ಗೆರೆಗಳು ಚಿತ್ರವಾಗಿ ತೆರೆಯ ಮೇಲೆ ಮೂಡುತ್ತವೆ. ಸೆಕೆಂಡಿಗೆ ಹಲವು ಚಿತ್ರಗಳು ಮೂಡುವುದರಿಂದ ಮಿಡಿಯುವ ಹೃದಯ ಮಿಡಿಯುತ್ತಲೇ ಕಾಣಿಸುತ್ತದೆ.

ಪರೀಕ್ಷೆಗೆ ಮುನ್ನ ಚರ್ಮಕ್ಕೆ ತಣ್ಣನೆಯ ಲೋಳೆಯಂಥ ಜೆಲ್ ಹಚ್ಚುವುದಕ್ಕೂ ಕಾರಣವಿದೆ. ಹಿಡಿಗೂ ಚರ್ಮಕ್ಕೂ ನಡುವೆ ತೆಳುವಾದ ಗಾಳಿಯ ಪದರ ಉಳಿದರೂ ಸಾಕು, ಶೇಕಡಾ 99ಕ್ಕೂ ಹೆಚ್ಚು ಶಬ್ದ ಅಲ್ಲಿಂದಲೇ ಹಿಂದಿರುಗುತ್ತದೆ. ಜೆಲ್ ಆ ಗಾಳಿಯನ್ನು ಹೊರದೂಡುತ್ತದೆ. ಗಾಳಿ ತುಂಬಿದ ಶ್ವಾಸಕೋಶದ ಒಳಭಾಗವೂ ಮೂಳೆಯ ಹಿಂಬದಿಯೂ ಈ ಯಂತ್ರಕ್ಕೆ ಸುಲಭವಾಗಿ ಕಾಣದಿರುವುದು ಶಬ್ದದ ಇಂಥ ಗುಣಗಳಿಂದಲೇ. ಆವೃತ್ತಿಯ ಆಯ್ಕೆಯಲ್ಲಿಯೂ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ. ಆವೃತ್ತಿ ಹೆಚ್ಚಿದರೆ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಶಬ್ದ ಬೇಗ ಕ್ಷೀಣಿಸಿ ಆಳಕ್ಕೆ ಇಳಿಯದು. ಆದುದರಿಂದ ಚರ್ಮದ ಸಮೀಪದಲ್ಲಿರುವ ಥೈರಾಯ್ಡ್ ಗ್ರಂಥಿಗೆ ಹೆಚ್ಚಿನ ಆವೃತ್ತಿಯನ್ನೂ ಆಳದ ಯಕೃತ್ತಿಗೆ ಕಡಿಮೆ ಆವೃತ್ತಿಯನ್ನೂ ಆರಿಸುತ್ತಾರೆ.

ಎಕ್ಸ್-ಕಿರಣಗಳಂತೆ ಈ ಶಬ್ದವು ಅಣುಗಳನ್ನು ಅಯಾನುಗಳಾಗಿ ಒಡೆಯುವುದಿಲ್ಲ. ಆದ್ದರಿಂದಲೇ ತಾಯಿಯ ಗರ್ಭದಲ್ಲಿರುವ ಶಿಶುವಿನ ಯೋಗಕ್ಷೇಮವನ್ನು ಅರಿಯಲು ಇದನ್ನು ನೆಚ್ಚಿಕೊಂಡಿದ್ದಾರೆ. ಆದರೆ ಶಿಶುವನ್ನು ಕಾಪಾಡಲು ಬಂದ ಈ ಸಾಧನವನ್ನೇ, ಅದು ಹೆಣ್ಣೆಂದು ತಿಳಿದು ಹುಟ್ಟುವ ಮುನ್ನವೇ ಅಳಿಸಿಹಾಕಲು ಬಳಸಿದವರೂ ಉಂಟು. ಅದಕ್ಕಾಗಿ ಭಾರತವು 1994ರಲ್ಲಿ ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನನ್ನು ರೂಪಿಸಿತು. 2003ರಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಶಬ್ದವು ತಾನು ಕಂಡುದನ್ನು ಪಕ್ಷಪಾತವಿಲ್ಲದೆ ಮರಳಿ ತಂದೊಪ್ಪಿಸುತ್ತದೆ. ಗ್ಲಾಸ್ಗೋದ ಆ ಮಹಿಳೆಗೆ ಅದು ಬಾಳನ್ನು ಹಿಂದಿರುಗಿಸಿತು. ತಂದೊಪ್ಪಿಸಿದ ಸುದ್ದಿಯನ್ನು ಯಾವುದಕ್ಕೆ ಬಳಸಬೇಕೆಂಬ ನಿರ್ಣಯ ಮಾತ್ರ ಯಂತ್ರದ್ದಲ್ಲ, ಮನುಷ್ಯನದು.