ದೂರದ ಊರಿನ ಮದುವೆಗೆ ಶಹಾಬಾದದ ದಿಬ್ಬಣ: ಪ್ರಯಾಣದ ಯೋಜನೆ ಮತ್ತು ಲೆಕ್ಕಾಚಾರ

ಶಹಾಬಾದ, ವಾಡಿ, ಚಿತ್ತಾಪುರ ಹಾಗೂ ಸೇಡಂ ಭಾಗದ ವ್ಯಾಪಾರಿ ಕುಟುಂಬಗಳಲ್ಲಿ ಮದುವೆ ಎಂಬುದು ಬಹುಕಾಲ ಮನೆಯಂಗಳದ ಕಾರ್ಯವಾಗಿತ್ತು. ಫರಸಿ ಹಾಸಿದ ಅಂಗಳಕ್ಕೆ ಹಂದರ ಹಾಕಿ, ನೆರೆಮನೆಗಳಲ್ಲಿ ಬೀಗರನ್ನು ಇಳಿಸಿ, ಎರಡು ದಿನದಲ್ಲಿ ಕಾರ್ಯ ಮುಗಿಸುತ್ತಿದ್ದರು. ದೂರದವರು ಬಂದರೆ ರೈಲಿನಲ್ಲಿ ಬರುತ್ತಿದ್ದರು. ಮುಂಬೈ–ಚೆನ್ನೈ ಮಾರ್ಗದ ಮೇಲಿರುವ ಶಹಾಬಾದ ನಿಲ್ದಾಣವಾಗಲಿ, 1874ರಲ್ಲಿ ನಿಜಾಮರ ರೈಲುಮಾರ್ಗ ಕೂಡಿಕೊಂಡ ವಾಡಿ ಜಂಕ್ಷನ್ ಆಗಲಿ ಈ ಸೀಮೆಯ ಎಷ್ಟೋ ದಿಬ್ಬಣಗಳನ್ನು ಕಂಡಿವೆ.

ಇಂದು ಮಕ್ಕಳು ಪುಣೆ, ಹೈದರಾಬಾದ್, ಬೆಂಗಳೂರುಗಳಲ್ಲಿ ನೌಕರಿಯಲ್ಲಿದ್ದಾರೆ. ಎರಡೂ ಮನೆತನಗಳಿಗೆ ನಡುವಿನ ಊರೊಂದನ್ನು ಆರಿಸಿ ಅಲ್ಲಿಯೇ ಮದುವೆ ಮಾಡುವ ಪದ್ಧತಿ ಬೆಳೆಯುತ್ತಿದೆ. ಭಾರತೀಯ ಕುಟುಂಬಗಳು ವಿದೇಶದ ಬದಲು ದೇಶದೊಳಗೇ ಮದುವೆ ನಡೆಸಬೇಕೆಂದು 2023ರ ನವೆಂಬರ್‌ನಲ್ಲಿ ಪ್ರಧಾನಮಂತ್ರಿಗಳು ಕರೆ ನೀಡಿದ ಮೇಲೆ ಈ ಪದ್ಧತಿಗೆ ಇನ್ನಷ್ಟು ಮಾನ್ಯತೆ ದೊರೆಯಿತು. ಕಲ್ಯಾಣ ಕರ್ನಾಟಕದವರಿಗೆ ಇಂತಹ ಸ್ಥಳವೆಂದರೆ ಮೊದಲು ನೆನಪಾಗುವುದು ಹಂಪಿ–ಹೊಸಪೇಟೆ. ಸೋಜಿಗದ ಸಂಗತಿಯೆಂದರೆ, ಬಂಗಾರದ ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಚೌಕಾಸಿ ಮಾಡುವ ವ್ಯಾಪಾರಸ್ಥರು ನೂರಾರು ಬಂಧುಗಳ ಪ್ರಯಾಣವನ್ನು ಒಂದು ದೂರವಾಣಿ ಕರೆಯಲ್ಲಿ ನಿಶ್ಚಯಿಸಿಬಿಡುತ್ತಾರೆ. ಬಸ್ಸಿನ ಮಾಲೀಕನೊಡನೆ ಬರಹದ ಕರಾರು ಇರುವುದಿಲ್ಲ. ವಾಹನದ ಕಾಗದಪತ್ರಗಳನ್ನು ಯಾರೂ ಕೇಳುವುದಿಲ್ಲ.

ಮಾರ್ಗದ ಆಯ್ಕೆ

ಶಹಾಬಾದದಿಂದ ಹೊಸಪೇಟೆಗೆ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರ್ ಎಂದು ಹಿಡಿಯಬಹುದು. ವಾಡಿ, ನಾಲವಾರ, ಯಾದಗಿರಿಗಳ ಮೂಲಕ ಶಹಾಪುರ ತಲುಪಿ, ಅಲ್ಲಿಂದ ಜೇವರ್ಗಿ–ಚಾಮರಾಜನಗರ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು, ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಮಾರ್ಗವಾಗಿ ಗಂಗಾವತಿಗೆ ಹೋಗುವುದು ಒಂದು ದಾರಿ. ಕಲಬುರಗಿಗೆ ಹೋಗಿ ಜೇವರ್ಗಿಯಿಂದ ಅದೇ ಹೆದ್ದಾರಿ ಸೇರುವುದು ಇನ್ನೊಂದು. ಬಸ್ಸು ಕಲಬುರಗಿಯಿಂದ ಬರುವುದಾದರೆ, ಕಲಬುರಗಿಯ ಅತಿಥಿಗಳು ಅದೇ ಬಸ್ಸಿನಲ್ಲಿ ಶಹಾಬಾದಕ್ಕೆ ಬಂದು ಕೂಡಿಕೊಳ್ಳುವುದು ಮೇಲು.

ಗದಗ–ವಾಡಿ ರೈಲುಮಾರ್ಗ ಪೂರ್ಣವಾದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. 2025ರ ಮೇ ತಿಂಗಳಲ್ಲಿ ಆ ಮಾರ್ಗದ ರೈಲು ಕುಷ್ಟಗಿಯವರೆಗೆ ಓಡಿತು. ವಾಡಿಯ ತುದಿಯಿಂದ ಆರಂಭವಾಗುವ ಪ್ರಯಾಣಕ್ಕೆ ಮಾತ್ರ ಸದ್ಯ ರಸ್ತೆಯೇ ಗತಿ.

ರಾತ್ರಿ ಹೊರಟರೆ ಉಳಿತಾಯವೇ?

ದಿಬ್ಬಣ ರಾತ್ರಿ ಊಟ ಮುಗಿಸಿ ಹೊರಡಬೇಕು, ಬೆಳಗಾಗುವಷ್ಟರಲ್ಲಿ ಮದುವೆಯ ಊರು ಸೇರಬೇಕು, ಇದರಿಂದ ಒಂದು ದಿನ ಉಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಲೆಕ್ಕ ಹಾಕಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಬಾಡಿಗೆ ಬಸ್ಸುಗಳ ಕರಾರಿನಲ್ಲಿ ಸಾಧಾರಣವಾಗಿ ಮೂರು ಷರತ್ತುಗಳಿರುತ್ತವೆ. ದಿನ ಎಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ದಿನವೊಂದಕ್ಕೆ ಕನಿಷ್ಠ ಇಷ್ಟು ಕಿಲೋಮೀಟರಿನ ಬಾಡಿಗೆ ಕೊಡಲೇಬೇಕು, ಬಸ್ಸು ನಿಂತಿದ್ದರೂ ಸರಿ. ದೂರದ ಎಣಿಕೆ ಮಾಲೀಕನ ಗ್ಯಾರೇಜಿನಿಂದ ಹಿಡಿದು ಗ್ಯಾರೇಜಿನವರೆಗೆ. ಉದಾಹರಣೆಗಾಗಿ ಕನಿಷ್ಠ ದೂರ ದಿನಕ್ಕೆ 300 ಕಿಲೋಮೀಟರ್, ದರ ಕಿಲೋಮೀಟರಿಗೆ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಶನಿವಾರ ಮುಂಜಾನೆ ಮುಹೂರ್ತವಿದೆ, ಬಸ್ಸು ಕಲಬುರಗಿಯದು. ಹೋಗಿಬರುವ ದಾರಿ 600, ಗ್ಯಾರೇಜಿನ ಓಡಾಟ 60, ಹೊಸಪೇಟೆ–ಹಂಪಿಯ ಸುತ್ತಾಟ 60, ಒಟ್ಟು 720 ಕಿಲೋಮೀಟರ್.

ಗುರುವಾರ ರಾತ್ರಿ ಒಂಬತ್ತಕ್ಕೆ ಗ್ಯಾರೇಜು ಬಿಟ್ಟ ಬಸ್ಸು ಶನಿವಾರ ಸಂಜೆ ಮದುವೆಯ ಊರಿನಿಂದ ಹೊರಟು ಭಾನುವಾರ ನಸುಕಿನ ಒಂದು ಗಂಟೆಗೆ ಮರಳಿತೆನ್ನಿ. ಅದು ಗುರುವಾರ, ಶುಕ್ರವಾರ, ಶನಿವಾರ ಮತ್ತು ಭಾನುವಾರ ಸೇರಿ ನಾಲ್ಕು ದಿನ. ಕನಿಷ್ಠ ದೂರ 1,200 ಕಿಲೋಮೀಟರ್, ಬಾಡಿಗೆ 72,000 ರೂಪಾಯಿ. ಗುರುವಾರದ ಮೂರು ತಾಸಿಗೂ ಭಾನುವಾರದ ಒಂದು ತಾಸಿಗೂ ಪೂರ್ತಿ ದಿನದ ಹಣ ತೆರಬೇಕಾಯಿತು.

ಅದೇ ಬಸ್ಸು ಶುಕ್ರವಾರ ನಸುಕಿನ ನಾಲ್ಕಕ್ಕೆ ಕಲಬುರಗಿಯಿಂದ, ಐದಕ್ಕೆ ಶಹಾಬಾದದಿಂದ ಹೊರಟು ಮಧ್ಯಾಹ್ನ ಒಂದರ ಸುಮಾರಿಗೆ ಹೊಸಪೇಟೆ ತಲುಪಲಿ. ಶನಿವಾರ ಊಟ ಮುಗಿಸಿ ಎರಡಕ್ಕೆ ಹೊರಟರೆ ರಾತ್ರಿ ಹತ್ತಕ್ಕೆ ಶಹಾಬಾದ, ಹನ್ನೊಂದಕ್ಕೆ ಗ್ಯಾರೇಜು. ಎರಡೇ ದಿನ, ಓಡಿದ 720 ಕಿಲೋಮೀಟರಿಗೆ 43,200 ರೂಪಾಯಿ. ಬಸ್ಸೊಂದಕ್ಕೆ 28,800 ರೂಪಾಯಿಗಳ ವ್ಯತ್ಯಾಸ. ಎರಡು ಬಸ್ಸುಗಳಾದರೆ 57,600. ಚಾಲಕರ ಬತ್ತೆ ಕೂಡ ದಿನದ ಲೆಕ್ಕದಲ್ಲಿಯೇ ಇರುವುದರಿಂದ ಅಲ್ಲಿಯೂ ಎರಡು ದಿನ ಉಳಿಯುತ್ತದೆ. ಇನ್ನು ರಾತ್ರಿ ಹೊರಟ ಅತಿಥಿಗಳು ನಸುಕಿನಲ್ಲಿ ವಸತಿಗೃಹದ ಬಾಗಿಲಿಗೆ ಬಂದಾಗ ಕೋಣೆ ಸಿಗುವುದು ಮಧ್ಯಾಹ್ನಕ್ಕೆ. ವೃದ್ಧರನ್ನು, ಕೂಸುಗಳನ್ನು ಮೊಗಸಾಲೆಯಲ್ಲಿ ಕೂರಿಸಲಾಗದೆ ಮದುವೆಯ ಯಜಮಾನರು ಇನ್ನೊಂದು ದಿನದ ಬಾಡಿಗೆ ತೆರುತ್ತಾರೆ. ದಿಬ್ಬಣದ ಹಿರಿಯರು ರಾಹುಕಾಲ ನೋಡುವಷ್ಟೇ ನಿಷ್ಠೆಯಿಂದ ಮಧ್ಯರಾತ್ರಿಯನ್ನೂ ನೋಡಿಕೊಂಡರೆ ಸಾಕು.

ನಸುಕಿನ ಹೆದ್ದಾರಿ

ಹಣದ ಮಾತನ್ನು ಬಿಟ್ಟರೂ ರಾತ್ರಿ ಪ್ರಯಾಣದ ವಿರುದ್ಧ ಇದೇ ಜಿಲ್ಲೆಯ ರಸ್ತೆಗಳು ಸಾಕ್ಷಿ ಹೇಳುತ್ತವೆ. 2022ರ ಜೂನ್ 3ರ ಮುಂಜಾನೆ ಕಮಲಾಪುರದ ಬಳಿ ಗೋವಾದಿಂದ ಹೈದರಾಬಾದಿಗೆ ಮರಳುತ್ತಿದ್ದ ಖಾಸಗಿ ಬಸ್ಸು ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿದು ಏಳು ಮಂದಿ ಮೃತಪಟ್ಟರು. ಬಸ್ಸಿನಲ್ಲಿದ್ದವರು ಹುಟ್ಟುಹಬ್ಬ ಆಚರಿಸಿ ಒಟ್ಟಾಗಿ ಊರಿಗೆ ಹೊರಟಿದ್ದ ಬಂಧುಮಿತ್ರರು. 2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ವಾಹನ ಗುದ್ದಿ, ಕಲಬುರಗಿಯ ದರ್ಗಾಕ್ಕೆ ಬರುತ್ತಿದ್ದ ಬಾಗಲಕೋಟೆ ಕಡೆಯ ಐವರು ಅಸುನೀಗಿದರು. ಎರಡೂ ಸಂದರ್ಭಗಳಲ್ಲಿ ಪ್ರಯಾಣಿಸುತ್ತಿದ್ದುದು ಒಟ್ಟು ಕೂಡಿ ಹೊರಟ ಬಳಗ; ಹೊತ್ತು, ಚಾಲಕನ ಕಣ್ಣು ಎಳೆಯುವ ಹೊತ್ತು. ಸಿಮೆಂಟು ಮತ್ತು ಫರಸಿ ತುಂಬಿದ ಲಾರಿಗಳು ಹಗಲಿರುಳು ಓಡಾಡುವ ವಾಡಿ–ಶಹಾಬಾದ ಭಾಗದವರಿಗೆ, ಹಿಂಬದಿಯ ದೀಪವಿಲ್ಲದೆ ರಸ್ತೆಯಂಚಿಗೆ ನಿಂತ ಲಾರಿ ಏನು ಮಾಡಬಲ್ಲದೆಂದು ವಿವರಿಸಬೇಕಾಗಿಲ್ಲ.

ಸಾರಿಗೆ ಕಾರ್ಮಿಕರ ದುಡಿಮೆ ದಿನಕ್ಕೆ ಎಂಟು ತಾಸು, ಐದು ತಾಸಿಗೆ ಮೀರದಂತೆ ಅರ್ಧ ತಾಸಿನ ವಿಶ್ರಾಂತಿ ಎಂಬ ತತ್ತ್ವವನ್ನು 1961ರ ಕಾಯ್ದೆಯೇ ಹಾಕಿಕೊಟ್ಟಿತ್ತು. ಹಗಲಿನ ಯೋಜನೆಯಲ್ಲಿಯೂ ಚಾಲಕನು ನಸುಕಿನ ನಾಲ್ಕಕ್ಕೇ ಚಕ್ರ ಹಿಡಿಯುತ್ತಾನೆ. ಆದ್ದರಿಂದ ಹಿಂದಿನ ರಾತ್ರಿ ಅವನು ಬೇರೆ ಬಾಡಿಗೆಗೆ ಹೋಗಿರಬಾರದು, ಬಸ್ಸೊಂದಕ್ಕೆ ಇಬ್ಬರು ಚಾಲಕರಿರಬೇಕು ಎಂಬ ಮಾತನ್ನು ಕರಾರಿನಲ್ಲಿ ಬರೆಸುವುದು ಅವಶ್ಯ. ಮದುವೆಯ ಊರಿನಲ್ಲಿ ಚಾಲಕರಿಗೆ ಮಲಗಲು ಕೋಣೆ ಕೊಡಬೇಕು. ಅತಿಥಿಗಳಿಗೆ ಹವಾನಿಯಂತ್ರಿತ ಕೋಣೆ ಕೊಟ್ಟು ಚಾಲಕನನ್ನು ಏಪ್ರಿಲ್ ಬಿಸಿಲಿನ ಬಸ್ಸಿನೊಳಗೆ ಮಲಗಿಸುವ ಉಳಿತಾಯವು ಉಳಿತಾಯವಲ್ಲ.

ವಾಹನ, ರಹದಾರಿ, ವಿಮೆ

ಗುತ್ತಿಗೆಯ ಮೇಲೆ ಪೂರ್ಣ ವಾಹನವನ್ನು ಬಾಡಿಗೆಗೆ ಕೊಡಲು ಮೋಟಾರು ವಾಹನ ಕಾಯ್ದೆಯಡಿ ಒಪ್ಪಂದ ವಾಹನದ ರಹದಾರಿ ಇರಬೇಕು. ಬೇರೆ ಬಗೆಯ ರಹದಾರಿಯಿರುವ ಬಸ್ಸಾದರೆ 88(8)ನೇ ಕಲಮಿನಡಿ ಆ ಪ್ರಯಾಣಕ್ಕೆಂದೇ ವಿಶೇಷ ರಹದಾರಿ ಪಡೆಯಬೇಕು. ಪರಿಚಯದವರ ಬಿಳಿ ಫಲಕದ ಕ್ರೂಸರನ್ನು ಬಾಡಿಗೆ ಮಾತನಾಡಿ ತರುವುದು ಈ ಭಾಗದ ಹಳೆಯ ರೂಢಿ. ಅಪಘಾತವಾದ ದಿನ ಅದು ಬಾಡಿಗೆಯ ಓಡಾಟವಾಗಿತ್ತೆಂದು ತಿಳಿದರೆ ವಿಮಾ ಕಂಪನಿ ತಕರಾರು ತೆಗೆಯುವುದು ಖಚಿತ.

ಲಾರಿ, ಟ್ರ್ಯಾಕ್ಟರ್ ಟ್ರಾಲಿ, ಸರಕಿನ ಟಂಟಂಗಳಲ್ಲಿ ಮದುವೆಯ ಜನರನ್ನು ಸಾಗಿಸುವುದು ಇದಕ್ಕಿಂತ ಕೆಟ್ಟದ್ದು. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸುವವರ ಪರಿಹಾರದ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಬಸ್ಸಿನಲ್ಲಿ ಹೆಚ್ಚು ಜನರನ್ನು ತುಂಬುವವರು 2007ರ ಅಂಜನಾ ಶ್ಯಾಮ್ ಪ್ರಕರಣವನ್ನು ಗಮನಿಸಬೇಕು. 42 ಪ್ರಯಾಣಿಕರಿಗೆ ವಿಮೆಯಿದ್ದ ಬಸ್ಸು ಅದಕ್ಕಿಂತ ಬಹಳ ಹೆಚ್ಚು ಜನರನ್ನು ಹೊತ್ತು ಅಪಘಾತಕ್ಕೀಡಾದಾಗ, ವಿಮಾ ಕಂಪನಿಯ ಹೊಣೆ ಆ 42ರ ಮಿತಿಗೇ ನಿಂತಿತು. ಉಳಿದುದು ಮಾಲೀಕನ ಹೆಗಲಿಗೆ. ಒಂದೇ ಬಸ್ಸಿನ ಬಡ ಮಾಲೀಕನಿಂದ ಅದು ವಸೂಲಾಗುವ ಬಗೆ ವ್ಯಾಪಾರಸ್ಥರಿಗೆ ತಿಳಿಯದ್ದೇನಲ್ಲ. ನೋಂದಣಿ ಪತ್ರ, ರಹದಾರಿ, ಅರ್ಹತಾ ಪತ್ರ, ವಿಮೆ ಇವುಗಳ ಪ್ರತಿಯನ್ನು ಮುಂಗಡ ಕೊಡುವ ಮೊದಲೇ ಪಡೆಯುವುದು ಲೇಸು. ಸೊಲ್ಲಾಪುರ ಅಥವಾ ಹೈದರಾಬಾದಿನಿಂದ ಬರುವ ಬಸ್ಸಿಗೆ ಅಖಿಲ ಭಾರತ ಪ್ರವಾಸಿ ರಹದಾರಿ ಇದೆಯೇ ಎಂದೂ ಕೇಳಬೇಕು. ಇಲ್ಲದಿದ್ದರೆ ಗಡಿಯಲ್ಲಿ ಬಸ್ಸು ನಿಲ್ಲುತ್ತದೆ, ಮುಹೂರ್ತ ನಿಲ್ಲುವುದಿಲ್ಲ.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವು ಪ್ರಾಸಂಗಿಕ ಕರಾರಿನ ಮೇಲೆ ಬಸ್ಸು ಕೊಡುತ್ತದೆ. ಅನುಕೂಲಸ್ಥರು ಇದನ್ನು ಮೂಗು ಮುರಿದು ನೋಡುವುದುಂಟು. ಆದರೆ ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯನಗರ, ಹೀಗೆ ದಾರಿಯ ಐದೂ ಜಿಲ್ಲೆಗಳು ಅದೇ ನಿಗಮದ ವ್ಯಾಪ್ತಿಯಲ್ಲಿವೆ. ಲಿಂಗಸುಗೂರಿನಾಚೆ ಬಸ್ಸು ಕೆಟ್ಟು ನಿಂತರೆ ಹತ್ತಿರದ ಘಟಕದಿಂದ ನೆರವು ಕೋರಲು ದಾರಿಯಿದೆ. ಖಾಸಗಿ ಮಾಲೀಕನ ಬಸ್ಸಾದರೆ ಬದಲಿ ವಾಹನ ಕಲಬುರಗಿಯಿಂದಲೇ ಬರಬೇಕು.

ವಸತಿ ಮತ್ತು ತೆರಿಗೆ

ಹಂಪಿಯ ಸುತ್ತ ವಸತಿ ಕಾಯ್ದಿರಿಸುವಾಗ ಚಿತ್ರ ನೋಡಿ ಮರುಳಾಗಬಾರದು. ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ತೆರವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದು, ಮಾರ್ಚ್‌ನಲ್ಲಿ ಅವು ನೆಲಸಮವಾದವು. ವಿಶ್ವ ಪರಂಪರೆಯ ಪ್ರದೇಶದಲ್ಲಿ ಪರವಾನಗಿಯಿಲ್ಲದ ಕಟ್ಟಡಕ್ಕೆ ಕೊಟ್ಟ ಮುಂಗಡಕ್ಕೆ ಭದ್ರತೆಯಿಲ್ಲ. ಹೊಸಪೇಟೆ ನಗರದ ವಸತಿಗೃಹಗಳು ನೋಟಕ್ಕೆ ಸಾಧಾರಣವಾದರೂ ಲೆಕ್ಕಕ್ಕೆ ಸುರಕ್ಷಿತ.

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಸಭಾಂಗಣದ ಬಾಡಿಗೆಗೆ ಶೇ. 18. ಕೋಣೆ, ಊಟ, ಸಭಾಂಗಣ ಎಲ್ಲವನ್ನೂ ಒಂದೇ ಮೊತ್ತದಲ್ಲಿ ಬರೆದ ಬಿಲ್ಲಿನಲ್ಲಿ ಮೇಲಿನ ದರವೇ ಬೀಳುವ ಸಂಭವವಿದೆ. ದರಪಟ್ಟಿ ಒಪ್ಪುವ ಮೊದಲೇ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಹವಾನಿಯಂತ್ರಣವಿಲ್ಲದ ಬಸ್ಸಿಗೆ ಜಿಎಸ್‌ಟಿ ಇಲ್ಲವೆಂದು ಕೆಲವರು ವಾದಿಸುತ್ತಾರೆ. ಆ ವಿನಾಯಿತಿಯಿಂದ ಬಾಡಿಗೆ ಓಡಾಟವನ್ನು ಸ್ಪಷ್ಟವಾಗಿ ಹೊರಗಿಡಲಾಗಿದೆ. ನೋಂದಾಯಿತ ಮಾಲೀಕನು ಇಂಧನ ಸಹಿತ ಬಾಡಿಗೆಗೆ ಶೇ. 5 ವಿಧಿಸಿದರೆ ಜಗಳವಾಡಲು ಕಾರಣವಿಲ್ಲ.

ನಗದಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದೇ ಸಮಾರಂಭಕ್ಕೆ ಸಂಬಂಧಿಸಿ ಒಬ್ಬರಿಂದ ಎರಡು ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವುದಕ್ಕೆ 2017ರ ಏಪ್ರಿಲ್‌ನಿಂದ ನಿಷೇಧವಿದೆ. ಮುಂಗಡ, ನಡುವಿನ ಕಂತು, ಕೊನೆಯ ಬಾಕಿ ಎಂದು ಹರಿದು ಹಂಚಿದರೂ ಸಮಾರಂಭ ಒಂದೇ. ದಂಡ ಪಡೆದವನಿಗೆ, ಅಂದರೆ ಬಸ್ಸಿನ ಮಾಲೀಕನಿಗೆ, ಅಡುಗೆ ಗುತ್ತಿಗೆದಾರನಿಗೆ. ನಮ್ಮ ವಾಣಿಜ್ಯ ಸಂಸ್ಥೆಯ ಸದಸ್ಯರಲ್ಲಿ ಅಂಥವರೂ ಇದ್ದಾರೆ. ಇನ್ನು ಬಸ್ಸಿನ ಬಿಲ್ಲನ್ನು ಕ್ವಾರಿಯ ಅಥವಾ ದಾಲ್ ಮಿಲ್ಲಿನ ಖರ್ಚಿಗೆ ಹಾಕುವ ಜಾಣತನ. ಮಗಳ ಮದುವೆ ವ್ಯಾಪಾರದ ವೆಚ್ಚವಲ್ಲ. ತೆರಿಗೆ ತನಿಖೆಯಲ್ಲಿ ಆ ಮೊತ್ತವನ್ನು ಆದಾಯಕ್ಕೆ ಮರಳಿ ಸೇರಿಸುವುದರೊಂದಿಗೆ ಉಳಿದ ವೌಚರುಗಳ ಮೇಲೂ ಸಂಶಯದ ಕಣ್ಣು ಬೀಳುತ್ತದೆ.

ದಾರಿಯ ಊಟ, ಅತಿಥಿಗಳ ಪಟ್ಟಿ

ಬೇಸಿಗೆಯ ಮುಹೂರ್ತಗಳಲ್ಲಿ ಈ ಸೀಮೆಯ ಉಷ್ಣಾಂಶ 42 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ನಮ್ಮ ಬುತ್ತಿಯಷ್ಟು ಹೊಂದುವ ಆಹಾರ ಬೇರಿಲ್ಲ. ಕಟಿ ರೊಟ್ಟಿ, ಶೇಂಗಾ ಹಿಂಡಿ, ಒಣ ಪಲ್ಯ ಕೆಡುವುದಿಲ್ಲ; ಮೊಸರನ್ನು ಬೇರೆಯಾಗಿಯೇ ಒಯ್ಯಬೇಕು. ಬೆಳಗಿನ ಉಪಾಹಾರಕ್ಕೆ ಶಹಾಪುರ, ಎರಡನೆಯ ನಿಲುಗಡೆಗೆ ತಿಂಥಣಿ ಅಥವಾ ಲಿಂಗಸುಗೂರು ಅನುಕೂಲ. ಶೌಚಾಲಯದ ವ್ಯವಸ್ಥೆಯನ್ನು ಯಾರಾದರೊಬ್ಬರು ಮುಂಚಿತವಾಗಿ ಹೋಗಿ ನೋಡಿಬರಬೇಕು. ಹೆಂಗಸರು ಎಂಟು ತಾಸು ನೀರು ಕುಡಿಯದೆ ಕೂರುವುದು ಇದೊಂದರ ಕೊರತೆಯಿಂದ. ಗಂಡಸರು ಮಾಡುವ ಯೋಜನೆಗಳಲ್ಲಿ ಈ ಅಂಶ ಬಿಟ್ಟುಹೋಗುವುದೇ ಹೆಚ್ಚು.

ಬಸ್ಸೊಂದಕ್ಕೆ ಒಬ್ಬ ಜವಾಬ್ದಾರ ಬಂಧುವನ್ನು ನೇಮಿಸಿ, ಹತ್ತಿದವರ ಹೆಸರು, ದೂರವಾಣಿ ಸಂಖ್ಯೆ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದವರ ಔಷಧಗಳ ವಿವರವುಳ್ಳ ಪಟ್ಟಿಯನ್ನು ಅವರ ಕೈಗೆ ಕೊಡಬೇಕು. ಮದುಮಗನ ಸೋದರಮಾವನಿಗೆ ಈ ಕೆಲಸ ಬೇಡ. ಅವರಿಗೆ ಅಂದು ಬೇರೆ ಕೆಲಸಗಳಿರುತ್ತವೆ. ಒಡವೆ ಮತ್ತು ಆಯೇರಿಯ ನಗದು ಇರುವ ಚೀಲ ಬಸ್ಸಿನ ಹೊಟ್ಟೆಗೆ ಹೋಗದೆ ಮನೆಯವರ ಕಾರಿನಲ್ಲಿರಲಿ. ಬೀಗರಿಗೆ ಒಳ್ಳೆಯ ಬಸ್ಸು, ತಮ್ಮವರಿಗೆ ಹಳೆಯದು ಎಂಬ ಹಂಚಿಕೆಯಿಂದ ಎರಡು ತಲೆಮಾರಿನ ಮಾತು ಹುಟ್ಟಿಕೊಳ್ಳುತ್ತದೆ. ಎರಡೂ ಬಸ್ಸು ಒಂದೇ ಬಗೆಯವಾಗಿರಲಿ.

ಹೊರಡುವಾಗ ದೂರಮಾಪಕದ ಅಂಕಿಯನ್ನು ಚಾಲಕನ ಸಮಕ್ಷಮ ಬರೆದುಕೊಂಡು ಇಬ್ಬರೂ ಸಹಿ ಮಾಡಬೇಕು. ಮರಳಿದ ರಾತ್ರಿ ದಣಿದ ಮನೆಯವರು ಅಂಕಿ ನೋಡದೆ ಮಲಗಿಬಿಡುವುದರಿಂದಲೇ ಬಹುಪಾಲು ತಕರಾರುಗಳು ಏಳುತ್ತವೆ. ಆದ್ದರಿಂದ ಕೊನೆಯ ಅತಿಥಿ ಇಳಿದ ಕೂಡಲೇ ಮತ್ತೆ ಅಂಕಿ ಬರೆದು, ಗ್ಯಾರೇಜಿನವರೆಗಿನ ದೂರವನ್ನು ಕರಾರಿನಂತೆ ಕೂಡಿಸಿ, ಮರುದಿನ ಬಿಲ್ಲು ಬಂದಾಗ ತಾಳೆ ನೋಡಿ, ಬಾಕಿಯನ್ನು ಬ್ಯಾಂಕಿನ ಮೂಲಕ ಪಾವತಿಸಿ ರಸೀದಿ ಪಡೆಯತಕ್ಕದ್ದು.