ಮೇಷ್ಟರ ನೋಟ್ಸಿಗೇ ಬೀಗ ಬಿತ್ತು!

ಮೇಷ್ಟರ ನೋಟ್ಸನ್ನು ಹುಡುಗರು ಜೆರಾಕ್ಸ್ ಮಾಡಿಸದ ಕಾಲೇಜು ಯಾವುದಿದೆ ಹೇಳಿ? ಆದರೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಎಂಬ ಮೇಷ್ಟರು ಬರೆದ ನೋಟ್ಸಿನ ಕಥೆಯೇ ಬೇರೆ.

ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಮಾಡಿದ್ದರು. ಅದು ಕಂಪ್ಯೂಟರಿನ ಮೇಸ್ತ್ರಿ ಅನ್ನಿ. ಯಾವ ಕೆಲಸಕ್ಕೆ ಯಾವಾಗ ಸರದಿ, ಯಾವುದಕ್ಕೆ ಎಷ್ಟು ಜಾಗ ಅಂತ ನೋಡಿಕೊಳ್ಳುವುದು ಅದೇ. 1975ರಲ್ಲಿ ಬಂದ ಆರನೇ ಆವೃತ್ತಿಯ ತಿರುಳು 10 ಸಾವಿರ ಸಾಲಿಗೂ ಕಡಿಮೆ. ಒಬ್ಬ ಮನುಷ್ಯ ಕೂತು ಪೂರ್ತಿ ಓದಬಹುದು. ಲಯನ್ಸ್ ಸಾಹೇಬರು ಇದನ್ನೇ ಪಾಠಕ್ಕಿಟ್ಟರು. ಒಂದು ಸಂಪುಟದಲ್ಲಿ ಮೂಲ, ಇನ್ನೊಂದರಲ್ಲಿ ಟೀಕೆ. ಕಾವ್ಯಕ್ಕೆ ಪಂಡಿತರು ಬರೆಯುತ್ತಾರಲ್ಲ, ಹಾಗೆ.

ಮೂಲದಲ್ಲೊಂದು ತಮಾಷೆಯಿತ್ತು. ಒಂದು ಕೆಲಸ ನಿಲ್ಲಿಸಿ ಇನ್ನೊಂದಕ್ಕೆ ಹಾರುವ ಜಾಗದಲ್ಲಿ, ಇದು ಓದುವವರಿಗೆ ಅರ್ಥವಾಗಬೇಕೆಂದೇನೂ ಇಲ್ಲ ಅಂತ ಬರೆದವರೇ ಟಿಪ್ಪಣಿ ಹಾಕಿದ್ದರು. ಇದೇನು ಜಂಭವೋ ಎಂದುಕೊಂಡವರುಂಟು. ಅಸಲಿಗೆ ತಮಗೂ ಆಗ ಸರಿಯಾಗಿ ಅರ್ಥವಾಗಿರಲಿಲ್ಲ ಅಂತ ಡೆನ್ನಿಸ್ ರಿಚಿ ಆಮೇಲೆ ಒಪ್ಪಿಕೊಂಡರು. ದೊಡ್ಡ ಮನುಷ್ಯ!

1979ರಲ್ಲಿ ಏಳನೇ ಆವೃತ್ತಿ ಬಂತು, ಜತೆಗೆ ಷರತ್ತೂ ಬಂತು. ಯೂನಿಕ್ಸ್ ಮೂಲವನ್ನು ಕ್ಲಾಸಿನಲ್ಲಿ ಓದಿಸಕೂಡದು. ಎಟಿ ಅಂಡ್ ಟಿ ಕಂಪನಿಗೆ ಅದು ವ್ಯಾಪಾರದ ಗುಟ್ಟು. ಹುಡುಗರು ಕೇಳುತ್ತಾರೆಯೇ? ಜೆರಾಕ್ಸಿನ ಜೆರಾಕ್ಸ್, ಅದರದ್ದೂ ಜೆರಾಕ್ಸ್ ಅಂತ ಕೈಯಿಂದ ಕೈಗೆ ದೇಶ ದೇಶ ಸುತ್ತಿತು. ರಾಜಾರೋಷವಾಗಿ ಅಚ್ಚಾದದ್ದು 1996ರಲ್ಲಿ. ಎರಡೇ ವರ್ಷಕ್ಕೆ, 1998ರಲ್ಲಿ, ಲಯನ್ಸ್ ತೀರಿಕೊಂಡರು.

2002ರಲ್ಲಿ ಅಮೆರಿಕದ ಎಂಐಟಿಯವರು ಅದೇ ಮೂಲ, ಅದೇ ಟೀಕೆ ಹಿಡಿದು ಪಾಠ ಶುರುಮಾಡಿದರು. ಹುಡುಗರು ಗೊಣಗಿದರು. ಪಿಡಿಪಿ-11 ಎಂಬ ಯಂತ್ರ ಮೂಲೆ ಸೇರಿ ಎಷ್ಟೋ ಕಾಲವಾಗಿದೆ, ಅದರ ಭಾಷೆ ಈಗ ಯಾಕೆ ಕಲಿಯಬೇಕು? ಗೊಣಗಾಟದಲ್ಲಿ ನ್ಯಾಯವಿತ್ತು ಬಿಡಿ. 2006ರಲ್ಲಿ ರಾಬರ್ಟ್ ಮೋರಿಸ್, ಫ್ರಾನ್ಸ್ ಕಾಶೂಕ್, ರಸ್ ಕಾಕ್ಸ್ ಕೂತು ಹಳೇ ಅಚ್ಚಿನಲ್ಲೇ ಹೊಸದೊಂದು ಬರೆದರು. ಹೆಸರು ಎಕ್ಸ್‌ವಿ-6. ಓಡುವುದು ಇಂಟೆಲ್ ಜಾತಿಯ ಪ್ರೊಸೆಸರುಗಳ ಮೇಲೆ, ಒಂದಕ್ಕಿಂತ ಹೆಚ್ಚಿದ್ದರೂ ಸೈ. ಆಮೇಲೆ ರಿಸ್ಕ್-ಫೈವ್ ಪ್ರೊಸೆಸರಿಗೂ ತಿದ್ದಿದರು.

ಲಯನ್ಸ್ ದಾರಿಯಲ್ಲೇ ಇದಕ್ಕೂ ಒಂದು ಟೀಕೆಯ ಪುಸ್ತಕವಿದೆ. ಆ ಟಿಪ್ಪಣಿಯ ವಿಷಯಕ್ಕೆ, ಅಂದರೆ ಕೆಲಸದಿಂದ ಕೆಲಸಕ್ಕೆ ಹಾರುವುದಕ್ಕೆ, ಇದರಲ್ಲಿ ಒಂದು ಅಧ್ಯಾಯವೇ ಮೀಸಲು. ಪುಸ್ತಕ ಪುಕ್ಕಟೆ, ಮೂಲವೂ ಪುಕ್ಕಟೆ. ಜೆರಾಕ್ಸ್ ಮಾಡಿಸಿದರೆ ಕೇಳುವವರಿಲ್ಲ.